ಆಪ್ತಸಮಾಲೋಚನೆಯ ಉನ್ನತ ವ್ಯಾಸಂಗ: ಹಳೆಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ

ಮನೋವಿಜ್ಞಾನದಲ್ಲಿ ಪದವಿ ಪಡೆದು, ಒಂದೆರಡು ವರ್ಷ ಸ್ವಯಂಸೇವೆಯನ್ನೂ ಮಾಡಿದ ಹಳೆಯ ವಿದ್ಯಾರ್ಥಿಯು ಮುಂದಿನ ದಾರಿ ಕೇಳಿ ಬಂದಾಗ ಶಿಕ್ಷಕರು ಏನು ಹೇಳಬೇಕು? ಪದವಿಯು ಮನಸ್ಸಿನ ವಿಚಾರವನ್ನು ತಿಳಿಸುತ್ತದೆ. ನೊಂದವರ ಎದುರು ಕುಳಿತುಕೊಳ್ಳುವ ಬಗೆಯನ್ನು ಕಲಿಸುವುದಿಲ್ಲ. ಸ್ವಯಂಸೇವೆ ಅದರ ಒಂದಂಶವನ್ನು ಕಲಿಸುತ್ತದೆ. 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ‘ಸ್ನೇಹಾ’ ಎಂಬ ಆತ್ಮಹತ್ಯಾ ತಡೆ ಸಂಸ್ಥೆಯಲ್ಲಿ ಸ್ವಯಂಸೇವಕರ ಮುಖ್ಯ ಕೆಲಸ ಕಿವಿಗೊಡುವುದೇ ಆಗಿದೆ. ಆದರೆ ಸಹೃದಯತೆಯೊಂದೇ ಸಾಲದು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡುವವರು, ಲೈಂಗಿಕ ದೌರ್ಜನ್ಯದ ಸಂಗತಿಯನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯವೆಂಬುದನ್ನು ಅರಿತಿರಬೇಕು.

ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಎರಡು ವರ್ಷ ಬೇಕು. ಕಾಲೇಜಿನ ಹೆಸರಿಗಿಂತ ಮೊದಲು ವಿಚಾರಿಸಬೇಕಾದುದು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆಗಳ ಪ್ರತ್ಯಕ್ಷ ಅಭ್ಯಾಸ ದೊರೆಯುತ್ತದೆ ಎಂಬುದನ್ನು. ದೂರಶಿಕ್ಷಣದಲ್ಲಿ ಮನೋವಿಜ್ಞಾನ ಕಲಿಯುವ ಹೊಸ ಪ್ರವೇಶಗಳಿಗೆ ಯು.ಜಿ.ಸಿ. 2025ರಲ್ಲಿ ತಡೆಯೊಡ್ಡಿದೆ, ಹಳೆಯ ಜಾಹೀರಾತು ನಂಬಿ ಶುಲ್ಕ ಕಟ್ಟಬಾರದು. ಆಪ್ತಸಮಾಲೋಚಕನು ಚಿಕಿತ್ಸಾ ಮನೋವಿಜ್ಞಾನಿಯಲ್ಲ. ಆ ಹುದ್ದೆಗೆ ಪ್ರತ್ಯೇಕ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು.

ನಮ್ಮ ಮಕ್ಕಳಿಗೆ ಒಂದು ಆಸ್ತಿಯಿದೆ, ಅದನ್ನು ಅವರು ಆಸ್ತಿಯೆಂದು ಭಾವಿಸಿರುವುದಿಲ್ಲ. ಕಾಸರಗೋಡಿನ ಮಗು ‘ತಲೆಬಿಸಿ ಆಗಿದೆ’ ಎಂದರೆ ಅದು ಜ್ವರವಲ್ಲ, ಚಿಂತೆ. ‘ಬೇಜಾರು’ ಎಂಬ ಒಂದೇ ಮಾತಿನಲ್ಲಿ ಬೇಸರ, ದುಃಖ, ಯಾರದೋ ಮಾತಿನಿಂದಾದ ನೋವು ಮೂರೂ ಅಡಗಿರಬಹುದು. ‘ಸಂಕಟ’ ಹೊಟ್ಟೆಯಲ್ಲೂ ಇರುತ್ತದೆ, ಮನಸ್ಸಿನಲ್ಲೂ ಇರುತ್ತದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಮಲಯಾಳಕ್ಕೋ ಮರಾಠಿಗೋ ತಿರುಗಿಸಿ ಕೇಳುವ ಸಮಾಲೋಚಕರಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ; ಮಗುವೂ ಶಾಲೆಯ ಭಾಷೆಯೊಂದು, ಮನೆಯ ಭಾಷೆ ಇನ್ನೊಂದು ಎಂದು ಕೊನೆಗೆ ‘ಏನಿಲ್ಲ’ ಎಂದುಬಿಡುತ್ತದೆ. ‘ಏನು ಬೇಜಾರು, ಯಾವಾಗಿನಿಂದ?’ ಎಂದು ಅದೇ ನುಡಿಯಲ್ಲಿ ಮರುಪ್ರಶ್ನೆ ಹಾಕಬಲ್ಲವರು ಬೇಕಾಗಿದ್ದಾರೆ. ಪ್ರವೇಶಕ್ಕೆ ಉದ್ದೇಶಪತ್ರ ಕೇಳಿದರೆ ‘ಸಮಾಜಸೇವೆಯ ಹಂಬಲ’ ಎಂಬ ಸವಕಲು ವಾಕ್ಯದ ಬದಲು, ಸ್ವಯಂಸೇವೆಯಲ್ಲಿ ತಾನು ಕಂಡ ಇಂಥ ಒಂದು ಪ್ರಸಂಗವನ್ನು, ಹೆಸರು ಮತ್ತು ಗುರುತು ಮರೆಮಾಡಿ, ಬರೆಯುವಂತೆ ವಿದ್ಯಾರ್ಥಿಗೆ ಸೂಚಿಸಬೇಕು. ಆ ಪತ್ರವನ್ನು ಕನ್ನಡದಲ್ಲಿಯೇ ಮೊದಲು ಬರೆಸಿ, ಬಳಿಕ ಇಂಗ್ಲಿಷಿಗೆ ತರುವುದು ಲೇಸು.

ಶಿಕ್ಷಕರಾಗಿದ್ದುಕೊಂಡೇ ಈ ವಿದ್ಯೆ ಕಲಿಯಬಯಸುವವರು, ಎನ್.ಸಿ.ಇ.ಆರ್.ಟಿ.ಯು ನಡೆಸುತ್ತ ಬಂದಿರುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಕುರಿತು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ವಿಚಾರಿಸಬಹುದು.