ಶಿಫ್ಟ್ ಕೆಲಸದ ಮನೆಯಲ್ಲಿ ಮಗುವಿನ ನಿದ್ರೆ: ಹೆತ್ತವರು ಅನುಸರಿಸಬಹುದಾದ ಕ್ರಮ

ಬೆಂಗಳೂರಿನ ಪೀಣ್ಯದ ಅನೇಕ ಕಾರ್ಖಾನೆಗಳಲ್ಲಿ ದಿನವು ಮೂರು ಶಿಫ್ಟ್‌ಗಳಾಗಿ ಹಂಚಿಹೋಗಿದ್ದರೆ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಎಷ್ಟೋ ಕಚೇರಿಗಳ ಕೆಲಸದ ವೇಳೆಯು ಅಮೆರಿಕ ಮತ್ತು ಬ್ರಿಟನ್ನಿನ ಗಡಿಯಾರಕ್ಕೆ ಹೊಂದಿಕೊಂಡಿದೆ. ಹೀಗಾಗಿ ಲಗ್ಗೆರೆ, ಹೆಗ್ಗನಹಳ್ಳಿ, ಹೆಬ್ಬಗೋಡಿ, ಕಾಡುಗೋಡಿಯಂಥ ಬಡಾವಣೆಗಳ ಮನೆಗಳಲ್ಲಿ ತಂದೆ ಅಥವಾ ತಾಯಿಯ ಪಾಳಿ ಬದಲಾದಾಗಲೆಲ್ಲ ಮಗುವಿನ ಊಟದ ಹೊತ್ತು, ದೀಪ ಆರುವ ಹೊತ್ತು, ಏಳುವ ಹೊತ್ತು ಎಲ್ಲವೂ ಜೊತೆಗೇ ಬದಲಾಗುತ್ತವೆ. ಪಾಳಿಯನ್ನು ನಿರ್ಧರಿಸುವ ಅಧಿಕಾರ ಹೆತ್ತವರಿಗೆ ಇರುವುದಿಲ್ಲವಾದರೂ ಮಗುವಿನ ರಾತ್ರಿಯನ್ನು ಆ ಪಾಳಿಯಿಂದ ಬೇರ್ಪಡಿಸಿ ಕಾಪಾಡಲು ಅವರಿಗೆ ಸಾಧ್ಯವಿದೆ; ಮಕ್ಕಳ ನಿದ್ರೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರ ಕೆಲಸವು ಇದಕ್ಕೆ ಬೇಕಾದ ದಾರಿಯನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸಿದೆ.

ಹುಟ್ಟಿದ ಮಗುವಿಗೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಮೆದುಳಿನ ತಳಭಾಗದಲ್ಲಿರುವ, ಬೆಳಕನ್ನು ಗ್ರಹಿಸಿ ದೇಹದ ಲಯವನ್ನು ನಿಯಂತ್ರಿಸುವ ಜೀವಕೋಶಗಳ ಗುಂಪನ್ನು ಜೈವಿಕ ಗಡಿಯಾರ ಎನ್ನುತ್ತಾರೆ. ಕತ್ತಲಾದಂತೆ ಮೆಲಟೋನಿನ್ ಎಂಬ ನಿದ್ರಾಸೂಚಕ ಹಾರ್ಮೋನು ಸ್ರವಿಸುವುದು ಈ ಗಡಿಯಾರದ ಆಜ್ಞೆಯಂತೆ. ಶಿಶುವಿನಲ್ಲಿ ಈ ವ್ಯವಸ್ಥೆ ಸುಮಾರು ಮೂರು ತಿಂಗಳ ಹೊತ್ತಿಗೆ ರೂಪುಗೊಳ್ಳತೊಡಗುತ್ತದೆ. ನವಜಾತ ಶಿಶುವಿನ ನಿದ್ರೆಯ ಸರಿಸುಮಾರು ಅರ್ಧಭಾಗವು ಮೆದುಳು ಚಟುವಟಿಕೆಯಿಂದಿರುವ ಸಕ್ರಿಯ ನಿದ್ರೆಯಾದ್ದರಿಂದ, ನಿದ್ದೆಯಲ್ಲಿ ಮಗು ಮುಖ ಕಿವುಚಿದರೆ, ಕೈಕಾಲು ಆಡಿಸಿದರೆ ಅದು ಎಚ್ಚರಗೊಂಡಿದೆಯೆಂದು ತಿಳಿದು ಕೂಡಲೇ ಎತ್ತಿಕೊಳ್ಳಬೇಕಾಗಿಲ್ಲ.

ನಿದ್ರೆಗೂ ಕಲಿಕೆಗೂ ಇರುವ ನಂಟನ್ನು ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆವಿ ಸಾದೇ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವು ಎತ್ತಿ ತೋರಿಸಿತು. ನಾಲ್ಕನೆಯ ಮತ್ತು ಆರನೆಯ ತರಗತಿಯ 77 ಮಕ್ಕಳಲ್ಲಿ ಕೆಲವರು ಮೂರು ರಾತ್ರಿ ಒಂದು ಗಂಟೆ ಬೇಗ, ಉಳಿದವರು ಒಂದು ಗಂಟೆ ತಡವಾಗಿ ಮಲಗುವಂತೆ ಮಾಡಿದಾಗ, ಗಮನ ಮತ್ತು ಸ್ಮರಣೆಯ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಎದ್ದುಕಾಣುವ ವ್ಯತ್ಯಾಸ ಕಂಡುಬಂತು. ತಂದೆ ಬರುವವರೆಗೆ ಎಚ್ಚರವಿರಲಿ ಎಂದು ಮಗುವನ್ನು ದಿನವೂ ಒಂದು ಗಂಟೆ ತಡವಾಗಿ ಮಲಗಿಸುವ ಮನೆಗಳು ಈ ಫಲಿತಾಂಶವನ್ನು ಲಘುವಾಗಿ ಪರಿಗಣಿಸಬಾರದು. ಅಮೆರಿಕದ ಜೋಡಿ ಮಿಂಡೆಲ್ ಅವರೊಂದಿಗೆ ಸಾದೇ ಅವರೂ ಭಾಗವಹಿಸಿ 2010ರಲ್ಲಿ ಪ್ರಕಟಿಸಿದ, ಭಾರತವೂ ಸೇರಿದಂತೆ 17 ದೇಶ ಹಾಗೂ ಪ್ರದೇಶಗಳ ಮೂರು ವರ್ಷದೊಳಗಿನ 29,287 ಮಕ್ಕಳ ಸಮೀಕ್ಷೆಯಲ್ಲಿ, ಏಷ್ಯಾದ ಮಕ್ಕಳು ಪಾಶ್ಚಾತ್ಯ ದೇಶಗಳ ಮಕ್ಕಳಿಗಿಂತ ತಡವಾಗಿ ಮಲಗುತ್ತಾರೆ ಮತ್ತು ಒಟ್ಟಾರೆ ಕಡಿಮೆ ನಿದ್ರಿಸುತ್ತಾರೆ ಎಂಬುದು ಕಂಡುಬಂದಿತ್ತು.

ಹೆತ್ತವರು ಮೊದಲು ಮಾಡಬೇಕಾದದ್ದು ಮಗುವಿನ ನಿದ್ರೆಯನ್ನು ಎರಡು ವಾರ ಬರೆದಿಡುವ ಕೆಲಸ. ಮಲಗಿಸಿದ ವೇಳೆ, ನಿದ್ದೆ ಹತ್ತಿದ ವೇಳೆ, ರಾತ್ರಿ ಎದ್ದ ಸಲಗಳು, ಬೆಳಿಗ್ಗೆ ಎದ್ದ ವೇಳೆ, ಹಗಲು ನಿದ್ದೆಯ ಅವಧಿ, ಅಂದು ಮನೆಯಲ್ಲಿ ಯಾರಿಗೆ ಯಾವ ಶಿಫ್ಟ್ ಇತ್ತು ಎಂಬ ಆರು ವಿಷಯಗಳಿಗೆ ಗೋಡೆಯ ಕ್ಯಾಲೆಂಡರಿನ ಚೌಕವೇ ಸಾಕಾಗುತ್ತದೆ. ಸಾದೇ ಅವರು ಶಿಶುಗಳಿಗಾಗಿ ರೂಪಿಸಿ 2004ರಲ್ಲಿ ಪ್ರಕಟಿಸಿದ ಕಿರು ಪ್ರಶ್ನಾವಳಿಯು, ಮಗು ರಾತ್ರಿ ಮೂರಕ್ಕಿಂತ ಹೆಚ್ಚು ಸಲ ಎದ್ದರೆ, ರಾತ್ರಿಯಲ್ಲಿ ಒಟ್ಟು ಒಂದು ಗಂಟೆಗಿಂತ ಹೆಚ್ಚು ಎಚ್ಚರವಿದ್ದರೆ ಅಥವಾ ದಿನದ ಒಟ್ಟು ನಿದ್ರೆ ಒಂಬತ್ತು ಗಂಟೆಗಿಂತ ಕಡಿಮೆಯಾದರೆ ಗಮನಕೊಡಬೇಕು ಎಂಬ ಅಳತೆಯನ್ನಿಟ್ಟುಕೊಂಡಿದೆ. ಇದರೊಂದಿಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯನ್ನೂ ಹೋಲಿಸಿ ನೋಡಬಹುದು: ದಿನಕ್ಕೆ, ಹಗಲು ನಿದ್ದೆಯೂ ಸೇರಿ, ಮೂರು ತಿಂಗಳವರೆಗಿನ ಶಿಶುವಿಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿಗೆ 12ರಿಂದ 16, ಒಂದರಿಂದ ಎರಡು ವರ್ಷಕ್ಕೆ 11ರಿಂದ 14, ಮೂರು ಮತ್ತು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ.

ಎರಡನೆಯ ಹೆಜ್ಜೆಯಲ್ಲಿ ಏಳುವ ವೇಳೆಯನ್ನು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಏಳೂವರೆಗೆ ಸ್ಕೂಲ್ ವ್ಯಾನ್ ಬರುವ ನಾಲ್ಕು ವರ್ಷದ ಮಗು ಆರೂವರೆಗೆ ಏಳಬೇಕಾದರೆ, ಮಧ್ಯಾಹ್ನ ಒಂದು ಗಂಟೆ ಮಲಗುವುದಾದರೂ, ರಾತ್ರಿ ಎಂಟೂವರೆಯ ಹೊತ್ತಿಗೆ ಅದಕ್ಕೆ ನಿದ್ದೆ ಹತ್ತಿರಬೇಕಾಗುತ್ತದೆ. ಈಗ ಹನ್ನೊಂದಕ್ಕೆ ಮಲಗುವ ಮಗುವನ್ನು ಒಮ್ಮೆಲೇ ಎಂಟೂವರೆಗೆ ಮಲಗಿಸಹೊರಟರೆ ಅಳುವೊಂದೇ ಫಲವಾದೀತು; ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂಚಿತಗೊಳಿಸುತ್ತ, ಏಳುವ ವೇಳೆಯನ್ನು ರಜೆಯ ದಿನವೂ ಬದಲಿಸದೆ, ಎದ್ದ ಕೂಡಲೇ ಮಗುವನ್ನು ಟೆರೇಸಿಗೋ ಬೀದಿಗೋ ಕರೆದೊಯ್ದು ಬೆಳಗಿನ ಬೆಳಕು ಕಣ್ಣಿಗೆ ಬೀಳುವಂತೆ ಮಾಡಿದರೆ ಜೈವಿಕ ಗಡಿಯಾರ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು: ಮಲಗುವ ಮುನ್ನಿನ ಅರ್ಧ ಗಂಟೆಗೆ ದಿನವೂ ಬದಲಾಗದ ಒಂದು ಕ್ರಮವನ್ನು ರೂಢಿಸುವುದು. ಮಿಂಡೆಲ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 405 ತಾಯಂದಿರು ಪಾಲ್ಗೊಂಡಿದ್ದರು. ಅವರಲ್ಲಿ ಒಂದು ಗುಂಪಿನವರು ಮಗುವಿಗೆ ಸ್ನಾನ ಮಾಡಿಸಿ, ಮೈ ನೀವಿ, ಹಾಡು ಅಥವಾ ಮುದ್ದಿನಂಥ ಶಾಂತ ಚಟುವಟಿಕೆಯಲ್ಲಿ ತೊಡಗಿಸಿ, ಸ್ನಾನವಾದ ಅರ್ಧ ಗಂಟೆಯೊಳಗೆ ದೀಪ ಆರಿಸುವ ಕ್ರಮವನ್ನು ಎರಡು ವಾರ ಪಾಲಿಸಿದರು. ಮಕ್ಕಳಿಗೆ ಬೇಗ ನಿದ್ದೆ ಹತ್ತಿತು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಃಸ್ಥಿತಿಯೂ ಸುಧಾರಿಸಿತು. ಈ ಅಧ್ಯಯನಕ್ಕೆ ಹಣ ಒದಗಿಸಿದ್ದು ಶಿಶುಗಳ ಸ್ನಾನದ ಸಾಮಗ್ರಿ ತಯಾರಿಸುವ ಕಂಪನಿ ಎಂಬುದನ್ನೂ ಓದುಗರು ತಿಳಿದಿರಬೇಕು. ಆದರೆ ಫಲ ಕೊಡುವುದು ಕ್ರಮವಾದ್ದರಿಂದ ಅಂಗಡಿಯ ದುಬಾರಿ ಲೋಷನ್ನು ಅಗತ್ಯವಿಲ್ಲ, ಮನೆಯ ಕೊಬ್ಬರಿ ಎಣ್ಣೆ ಧಾರಾಳವಾಗಿ ಸಾಕು. ಎಣ್ಣೆ ನೀವುವುದು, ಬಿಸಿನೀರೆರೆಯುವುದು, ಜೋಗುಳ ಹಾಡುವುದು ಕನ್ನಡ ಮನೆಗಳಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಗಳೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮಾಳವಿಕಾ ಕಪೂರ್ ಅವರು ದೇಶೀಯ ವೈದ್ಯಪದ್ಧತಿಗಳಲ್ಲಿನ ಶಿಶುಪಾಲನೆಯನ್ನು ಮನಶ್ಶಾಸ್ತ್ರದ ದೃಷ್ಟಿಯಿಂದ ವಿವೇಚಿಸಿ 2016ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ.

ಶಿಫ್ಟ್ ಕೆಲಸದ ಮನೆಯಲ್ಲಿ ಈ ಅರ್ಧ ಗಂಟೆಯನ್ನು ಯಾರು ನಡೆಸಬೇಕು ಎಂಬುದೇ ನಿಜವಾದ ಪ್ರಶ್ನೆ. ಒಬ್ಬರೇ ದಿನವೂ ನಡೆಸುವುದು ಸಾಧ್ಯವಾಗದಿದ್ದಲ್ಲಿ ತಂದೆ, ತಾಯಿ, ಅಜ್ಜಿ ಯಾರೇ ಇದ್ದರೂ ಅದೇ ಕೆಲಸಗಳು ಅದೇ ಅನುಕ್ರಮದಲ್ಲಿ, ಅದೇ ಹೊದಿಕೆ ಮತ್ತು ಅದೇ ಹಾಡಿನೊಂದಿಗೆ ನಡೆಯುವಂತೆ ಮೂವರೂ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಸೆಕೆಂಡ್ ಶಿಫ್ಟ್ ಇರುವ ತಂದೆಗೆ ಮಗುವಿನೊಂದಿಗೆ ಕಳೆಯುವ ಹೊತ್ತನ್ನು ರಾತ್ರಿಯಿಂದ ಬೆಳಿಗ್ಗೆಗೆ ವರ್ಗಾಯಿಸುವುದೇ ಸರಿಯಾದ ಉಪಾಯ: ಮಗುವನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ತಿಂಡಿ ತಿನ್ನಿಸುವುದು, ವ್ಯಾನ್ ಹತ್ತಿಸುವುದು ಆ ವಾರ ಅವರ ಪಾಲಿಗಿರಲಿ. ಮಗುವಿನ ಮುಖ ನೋಡಬೇಕೆಂಬ ತಂದೆಯ ಹಂಬಲ ಗೌರವಿಸಬೇಕಾದದ್ದೇ, ಆದರೆ ಹತ್ತೂವರೆಗೆ ಮಗುವನ್ನೆಬ್ಬಿಸಿ ಆಡಿಸುವುದರ ಬೆಲೆಯನ್ನು ಮರುದಿನ ಮಗುವೇ ತೆರಬೇಕಾಗುತ್ತದೆ. ರಾತ್ರಿ ಹತ್ತಕ್ಕೆ ಹೊರಡುವ ನೈಟ್ ಶಿಫ್ಟಿನವರು ಹೊರಡುವ ಮುನ್ನ ಮಲಗಿಸುವ ಕ್ರಮವನ್ನು ತಾವೇ ಮುಗಿಸಬಹುದು. ಸಂಜೆಯೇ ಕ್ಯಾಬ್ ಹತ್ತುವ ತಾಯಿಯಾದರೆ ಮಧ್ಯಾಹ್ನದ ನಿದ್ದೆಯ ಹೊತ್ತನ್ನು ತನ್ನದಾಗಿಸಿಕೊಂಡು, ಅಲ್ಲಿಯೂ ಅದೇ ಹಾಡು, ಅದೇ ಹೊದಿಕೆಯನ್ನು ಬಳಸಬಹುದು.

ರಾತ್ರಿಯಿಡೀ ದುಡಿದು ಬಂದವರು ಶಿಶುವಿನ ಪಕ್ಕದಲ್ಲೇ ಒರಗುವುದು ಅಪಾಯಕಾರಿ. ಅತಿಯಾಗಿ ದಣಿದವರ, ಮದ್ಯ ಸೇವಿಸಿದವರ, ಧೂಮಪಾನ ಮಾಡುವವರ ಮಗ್ಗುಲಲ್ಲಿ ಎಳೆಶಿಶುವನ್ನು ಮಲಗಿಸಬಾರದೆಂಬುದು ಶಿಶುವೈದ್ಯರ ಸ್ಪಷ್ಟ ಎಚ್ಚರಿಕೆ. ಒಂದೇ ಕೋಣೆಯ ಶೀಟಿನ ಮನೆಯಾದರೂ ಶಿಶುವಿಗೆ ಪಕ್ಕದಲ್ಲಿ ಪ್ರತ್ಯೇಕವಾದ, ಗಟ್ಟಿಯಾದ ಹಾಸಿಗೆಯಿದ್ದು, ಮಗುವನ್ನು ಬೆನ್ನಮೇಲೆ ಮಲಗಿಸಬೇಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ಅಥವಾ ರಾಗಿಯ ದಿಂಬೂ ಸೇರಿದಂತೆ ಯಾವ ದಿಂಬೂ ಒಂದು ವರ್ಷದೊಳಗಿನ ಮಗುವಿಗೆ ಬೇಡ. ಹಾಲನ್ನು ಹಿಂಡಿಟ್ಟು ಕೆಲಸಕ್ಕೆ ಹೋಗುವ ತಾಯಂದಿರಿಗೆ ಇನ್ನೊಂದು ಸಂಗತಿ ಉಪಯುಕ್ತವಾದೀತು: ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಹೆಚ್ಚಿದ್ದು ಹಗಲಿನ ಹಾಲಿನಲ್ಲಿ ಅದು ತೀರ ಕಡಿಮೆಯಿರುವುದರಿಂದ, ಹಿಂಡಿದ ವೇಳೆಯನ್ನು ಬಾಟಲಿಯ ಮೇಲೆ ಬರೆದಿಟ್ಟು, ಸಾಧ್ಯವಾದಷ್ಟು ರಾತ್ರಿಯ ಹಾಲನ್ನು ರಾತ್ರಿಗೇ ಕುಡಿಸುವುದು ಉಚಿತ.

ನಾಲ್ಕನೆಯ ಹೆಜ್ಜೆ ಬೆಳಕಿನ ನಿಯಂತ್ರಣ. ಕೊಲರಾಡೊ ವಿಶ್ವವಿದ್ಯಾಲಯದ ಮೋನಿಕ್ ಲೆಬೂರ್ಜ್ವಾ ಅವರ ತಂಡವು ಮೂರರಿಂದ ಐದು ವರ್ಷದ 10 ಮಕ್ಕಳನ್ನು ಮಲಗುವ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟಾಗ, ಅವರ ದೇಹದ ಮೆಲಟೋನಿನ್ ಪ್ರಮಾಣ ಸರಾಸರಿ 88 ಪ್ರತಿಶತ ಕುಸಿಯಿತೆಂದು 2018ರಲ್ಲಿ ವರದಿ ಮಾಡಿತು. ಮಕ್ಕಳ ಸಂಖ್ಯೆ ಚಿಕ್ಕದಾದರೂ ಎಳೆಯ ಕಣ್ಣು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದನ್ನು ತಿಳಿಯಲು ಇದು ಸಾಲುತ್ತದೆ. ಸಂಜೆ ಏಳೂವರೆಯ ನಂತರ ಟ್ಯೂಬ್‌ಲೈಟ್ ಆರಿಸಿ ಹಳದಿ ಬಣ್ಣದ ಮಂದ ಬಲ್ಬ್ ಹಾಕುವುದು, ಮೊಬೈಲನ್ನು ಮಗುವಿನ ಕೈಯಿಂದಷ್ಟೇ ಅಲ್ಲದೆ ಹಾಸಿಗೆಯ ಸುತ್ತಲಿನಿಂದಲೂ ದೂರವಿಡುವುದು ಸುಲಭ. ಕಷ್ಟವಿರುವುದು ಟಿವಿಯಲ್ಲಿ, ದಿನವಿಡೀ ಮಗುವನ್ನು ನೋಡಿಕೊಂಡ ಅಜ್ಜಿಗೆ ರಾತ್ರಿಯ ಧಾರಾವಾಹಿಯೊಂದೇ ವಿರಾಮವಾಗಿರುವಾಗ ಅದನ್ನು ನಿಲ್ಲಿಸಿರೆಂದು ಆಜ್ಞೆ ಮಾಡುವುದು ನ್ಯಾಯವಾಗದು. ಮಗುವಿನ ಹಾಸಿಗೆಯನ್ನು ಟಿವಿಯ ಹಿಂಬದಿಗೆ ಹಾಸಿ, ನಡುವೆ ದಪ್ಪ ಪರದೆ ಕಟ್ಟಿ, ಧ್ವನಿ ತಗ್ಗಿಸಿದರೆ ಇಬ್ಬರಿಗೂ ಅನುಕೂಲವಾಗುತ್ತದೆ.

ಹಗಲು ನಿದ್ದೆಯನ್ನು ಬಾಲ್ಯದ ಆಲಸ್ಯವೆಂದು ಭಾವಿಸಿ ಬೇಗ ಬಿಡಿಸುವುದು ತಪ್ಪು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ರೆಬೆಕ್ಕಾ ಸ್ಪೆನ್ಸರ್ ಅವರ ತಂಡ 2013ರಲ್ಲಿ ಪ್ರಕಟಿಸಿದಂತೆ, ಬೆಳಿಗ್ಗೆ ಚಿತ್ರಗಳ ಆಟವೊಂದನ್ನು ಕಲಿತ 40 ಮಕ್ಕಳು ಮಧ್ಯಾಹ್ನ ಮಲಗಿದ ದಿನ ಹೆಚ್ಚು ನೆನಪಿಟ್ಟುಕೊಂಡರು, ಎಚ್ಚರವಿದ್ದ ದಿನ ಹೆಚ್ಚು ಮರೆತರು. ಆದ್ದರಿಂದ ಅಂಗನವಾಡಿ ಅಥವಾ ಡೇ ಕೇರ್‌ಗೆ ಸೇರಿಸುವಾಗ ಊಟದ ಪಟ್ಟಿಯೊಂದಿಗೆ ಮಲಗುವ ಜಾಗ, ಅದರ ಕತ್ತಲು ಮತ್ತು ವೇಳೆಯನ್ನೂ ವಿಚಾರಿಸಬೇಕು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶವನ್ನೂ ಕೊಟ್ಟಿತು. ಗಾರ್ಮೆಂಟ್ಸ್ ಕಾರ್ಖಾನೆಯಿಂದ ಸಾಫ್ಟ್‌ವೇರ್ ಕಂಪನಿಯವರೆಗೆ ಎಲ್ಲ ಉದ್ಯೋಗಸ್ಥ ತಾಯಂದಿರೂ ಈ ಸೌಲಭ್ಯವನ್ನು ಹಕ್ಕಾಗಿ ಕೇಳಬೇಕು.

ಕಾರ್ಖಾನೆ ಮತ್ತು ವಸತಿ ಬೆರೆತ ಬೀದಿಗಳಲ್ಲಿ ಸದ್ದಿನ ಸಮಸ್ಯೆ ಬೇರೆಯದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್, ಕೈಗಾರಿಕಾ ಪ್ರದೇಶದ್ದು 70 ಡೆಸಿಬಲ್. ಎರಡರ ನಡುವಿನ ಅಂತರವೇ ಇಂಥ ಬೀದಿಗಳ ಮಕ್ಕಳ ಪಾಡನ್ನು ಹೇಳುತ್ತದೆ. ಯಂತ್ರದ ಕಡೆಯ ಗೋಡೆಯಿಂದ ಹಾಸಿಗೆಯನ್ನು ದೂರ ಸರಿಸಿ, ಫ್ಯಾನಿನ ಏಕರೂಪದ ಸದ್ದನ್ನು ಉಳಿಸಿಕೊಂಡು, ಸೊಳ್ಳೆ ಬತ್ತಿಯ ಹೊಗೆಯ ಬದಲು ಸೊಳ್ಳೆ ಪರದೆಯನ್ನು ಬಳಸುವುದು ಮನೆಯವರಿಂದ ಆಗಬಹುದಾದ ಕೆಲಸಗಳು.

ದಣಿದ ಮನೆಗಳಲ್ಲಿ ಮಗುವನ್ನು ಮಲಗಿಸಲು ಔಷಧದ ಮೊರೆಹೋಗುವ ಆಸೆ ಹುಟ್ಟುವುದು ಸಹಜವಾದರೂ ಅದಕ್ಕೆ ಎಂದೂ ಮಣಿಯಬಾರದು. ನೆಗಡಿಯ ಸಿರಪ್‌ಗಳಲ್ಲಿ ಮಂಪರು ತರಿಸುವ ಔಷಧವಿರುತ್ತದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಸೂಚಿಸಿತು. ಗಸಗಸೆ ಅರೆದು ಶಿಶುವಿಗೆ ಕುಡಿಸುವ ಹಳೆಯ ರೂಢಿಯೂ ಅಷ್ಟೇ ಅಪಾಯಕರ, ಏಕೆಂದರೆ ಅದರ ಕಾಳಿಗೆ ಅಂಟಿರಬಹುದಾದ ಅಫೀಮಿನ ಅಂಶ ಎಳೆಮಗುವಿನ ಉಸಿರಾಟವನ್ನೇ ಕುಗ್ಗಿಸಬಲ್ಲದು.

ಈ ಕ್ರಮಗಳನ್ನು ಮೂರ್ನಾಲ್ಕು ವಾರ ಪಾಲಿಸಿಯೂ ಸುಧಾರಣೆ ಕಾಣದಿದ್ದರೆ ಬರೆದಿಟ್ಟ ಲೆಕ್ಕದೊಂದಿಗೆ ವೈದ್ಯರನ್ನು ಕಾಣಬೇಕು. ಮಗು ದಿನವೂ ಗೊರಕೆ ಹೊಡೆದರೆ, ನಿದ್ದೆಯಲ್ಲಿ ಉಸಿರು ತಡೆದಂತಾದರೆ, ಬಾಯಿಯಿಂದಲೇ ಉಸಿರಾಡಿದರೆ ಕಾಯುವುದೇ ಬೇಡ. ಮೂಗಿನ ಹಿಂದಿನ ಗ್ರಂಥಿಯಾದ ಅಡಿನಾಯ್ಡ್ ಊದಿಕೊಂಡಿರುವ ಸಾಧ್ಯತೆಯಿದೆ. ರಾತ್ರಿಯೆಲ್ಲ ಕಾಲು ಒದರುತ್ತ ಹೊರಳಾಡುವ ಮಗುವಿಗೆ ಕಬ್ಬಿಣಾಂಶದ ಪರೀಕ್ಷೆ ಅಗತ್ಯ, ಏಕೆಂದರೆ ಅದರ ಕೊರತೆಯಿಂದಲೂ ಹೀಗಾಗಬಹುದು ಮತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಪ್ರತಿಶತ ಮಕ್ಕಳಿಗೆ ರಕ್ತಹೀನತೆಯಿದೆ. ಈ ವಯಸ್ಸಿನವರಿಗೆ ಸರ್ಕಾರಿ ಕಾರ್ಯಕ್ರಮದಡಿ ವಾರಕ್ಕೆ ಎರಡು ಸಲ ಕಬ್ಬಿಣಾಂಶದ ಸಿರಪ್ ಕೊಡುವ ವ್ಯವಸ್ಥೆಯಿದ್ದು, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ಮಾತು ಅಥವಾ ನಡಿಗೆ ತಡವಾದ, ಜೊತೆಗೆ ನಿದ್ದೆಯೂ ಕೆಟ್ಟ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಗೆ ಒಳಪಡಿಸಬೇಕು.

ಮಗುವಿನ ನಿದ್ದೆಗೆಟ್ಟ ಮನೆಯಲ್ಲಿ ತಾಯಿಯ ನಿದ್ದೆಯೂ ಕೆಟ್ಟಿರುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬಂದರೆ, ಮಗುವಿನ ಬಗ್ಗೆ ಭಯ ಅಥವಾ ನಿರಾಸಕ್ತಿ ಮೂಡಿದರೆ ಮನೆಯವರು ಅದನ್ನು ದಣಿವೆಂದು ತಳ್ಳಿಹಾಕದೆ ನೆರವು ಪಡೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.