ಕುಮ್ಮಟದ ದಾರಿ ಕೇಳುವ ಬಗೆ

ಕೊಪ್ಪಳ ಸೀಮೆಯಲ್ಲಿ ಕೋಟೆಗಳಿಗೆ ಬರವಿಲ್ಲ. ಕೊಪ್ಪಳದ ಕೋಟೆಯನ್ನು ಟಿಪ್ಪು 1786ರಲ್ಲಿ ಗೆದ್ದು, ಫ್ರೆಂಚ್ ಎಂಜಿನಿಯರರಿಂದ ಗಟ್ಟಿಮಾಡಿಸಿದ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರೊಡನೆ ಕಾದಾಡಿ ಮಡಿದದ್ದೂ ಅಲ್ಲೇ. ಬಹಾದ್ದೂರಬಂಡಿ, ಇರಕಲ್ಲಗಡ, ಆನೆಗೊಂದಿ ಎಂದು ಎಣಿಸುತ್ತ ಹೋಗಬಹುದು. ಆದರೆ ಏಳು ಶತಮಾನಗಳಿಂದ ಜನರ ಬಾಯಲ್ಲಿ ಉಳಿದುಬಂದ ಕೋಟೆ ಮಾತ್ರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದು ಕುಮ್ಮಟದುರ್ಗ.

ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದು ಸೋತ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಮರೆಹೊಕ್ಕದ್ದು ಕುಮ್ಮಟದ ಅರಸ ಕಂಪಿಲರಾಯನನ್ನು. ಮರೆಹೊಕ್ಕವನನ್ನು ಒಪ್ಪಿಸಲಾರೆನೆಂದ ರಾಯ ರಾಜ್ಯವನ್ನೇ ಕಳೆದುಕೊಂಡ. 1327ರ ಸುಮಾರಿಗೆ ಕುಮ್ಮಟ ಬಿತ್ತು. ಈ ಕಥೆಯನ್ನು ಹೇಳಿದವರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನೂ ಒಬ್ಬ. ಸೆರೆಯಾಗಿ ಹೋದ ರಾಯನ ಮಕ್ಕಳಲ್ಲಿ ಕೆಲವರನ್ನು ಸುಲ್ತಾನನ ಆಸ್ಥಾನದಲ್ಲಿ ತಾನೇ ಕಂಡೆನೆಂದು ಬರೆದಿದ್ದಾನೆ. ಕನ್ನಡಿಗರಿಗೆ ಮಾತ್ರ ಇದು ರಾಯನ ಮಗ ಕುಮಾರರಾಮನ ಕಥೆ. ಮಲತಾಯಿ ರತ್ನಾಜಿಯ ಆಸೆಗೆ ಬಗ್ಗದ ಪರನಾರೀ ಸೋದರ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟದ್ದು, ಕುದುರೆ ಬೊಲ್ಲ. ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಮಲೆನಾಡಿನ ಕೆಲವು ಊರುಗಳಲ್ಲಿ ರಾಮನ ಮರದ ಮುಖವಾಡಕ್ಕೆ ಇಂದಿಗೂ ಪೂಜೆ ಸಲ್ಲುತ್ತದೆ.

ಇಷ್ಟು ಓದಿಕೊಂಡು ಗಂಗಾವತಿ ಕಡೆಯಿಂದ ಜಬ್ಬಲಗುಡ್ಡದತ್ತ ಹೊರಟವರಿಗೆ ಮೊದಲು ಎದುರಾಗುವುದು ಗುಡ್ಡಗಳ ಹಿಂಡು. ಎಲ್ಲವೂ ಒಂದೇ ಬಣ್ಣದ ಬಂಡೆ, ಒಂದೇ ಬಗೆಯ ಕುರುಚಲು. ಕೋಟೆ ಎಲ್ಲಿ ಎಂದು ಕೇಳಿದರೆ ಜನ ಮೇಲಿಂದ ಕೆಳಗೆ ನೋಡುತ್ತಾರೆ. "ಯಾಕ್ರಿ, ನಿಧಿ ಗಿಧಿ ಹುಡುಕಾಕ ಬಂದೀರೇನ?" ಅನುಮಾನ ಸುಳ್ಳಲ್ಲ. ಹಳೆಯ ಗುಡಿಗಳ ಗರ್ಭಗುಡಿಯನ್ನೇ ಅಗೆದುಹಾಕುವ ನಿಧಿಗಳ್ಳರನ್ನು ಈ ಸೀಮೆ ಸಾಕಷ್ಟು ಕಂಡಿದೆ. ಅದೇ ಕುಮಾರರಾಮನ ಗುಡ್ಡ ಎಂದು ಕೇಳಿ ನೋಡಿ, ಕುರಿ ಕಾಯುವವರು ಕೋಲೆತ್ತಿ ದಿಕ್ಕು ತೋರಿಸುತ್ತಾರೆ. ಜೊತೆಗೆ ಅರ್ಧ ಕಥೆಯನ್ನೂ ಹೇಳಿಬಿಡುತ್ತಾರೆ. ನಾನು ಕಲಿತ ಮೊದಲ ಪಾಠ ಇದು.

ಎರಡನೆಯದು ಕಣ್ಣಿಗೆ ಸಂಬಂಧಿಸಿದ್ದು. ಸಿನಿಮಾ ಕೋಟೆಯ ಬುರುಜು, ತೆನೆಗಳನ್ನು ನಿರೀಕ್ಷಿಸಿ ಹೋದವನಿಗೆ ಇಲ್ಲಿ ಏನೂ ಕಾಣುವುದಿಲ್ಲ. ಬಂಡೆಗೂ ಬಂಡೆಗೂ ನಡುವಿನ ಸಂದುಗಳನ್ನು ನೋಡಬೇಕು. ಕಣಿವೆ ಕಿರಿದಾಗುವಲ್ಲಿ ದಪ್ಪ ಕಲ್ಲುಗಳನ್ನು ಸಾಲಾಗಿ ಒಟ್ಟಿದ ಗೋಡೆ ಸಿಗುತ್ತದೆ. ಮುಕ್ಕಾಲು ಕೋಟೆಯನ್ನು ಬೆಟ್ಟವೇ ಕಟ್ಟಿದೆ. ಮನುಷ್ಯರು ತೂತು ಮುಚ್ಚಿದ್ದಾರೆ ಅಷ್ಟೆ. ದೆಹಲಿಯ ಸೈನ್ಯ ಇಲ್ಲಿ ಎರಡು ಸಲ ಸೋತು ಹಿಂದಿರುಗಿದ್ದೇಕೆಂದು ಆ ಸಂದಿನಲ್ಲಿ ನಿಂತರೆ ಯಾರೂ ವಿವರಿಸಬೇಕಾಗಿಲ್ಲ.

ಕೊಪ್ಪಳದ ಗವಿಮಠದ್ದು ಇದಕ್ಕೆ ತಿರುವುಮುರುವು. ದಾರಿ ಕೇಳುವ ಮಾತೇ ಇಲ್ಲ, ಬಸ್ಸಿಳಿದರೆ ಆಟೋದವರೇ ಕರೆಯುತ್ತಾರೆ. ಜಾತ್ರೆ ಬಂತೆಂದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದಲೂ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ದಾಸೋಹಕ್ಕೆ ಬರುತ್ತದೆ. ಕಡಕ್ ರೊಟ್ಟಿಯ ಒಟ್ಟಿಲು ಮಹಡಿಯೆತ್ತರ ಬೆಳೆಯುವುದನ್ನು ನೋಡಬೇಕು! ಆದರೆ ಮಠವಿರುವ ಗುಡ್ಡದ ಚಾಚುಬಂಡೆಯ ಕೆಳಗೆ ಬ್ರಾಹ್ಮೀ ಲಿಪಿಯಲ್ಲಿ ಅಶೋಕನ ಶಾಸನವಿದೆ. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಸ್ವರ್ಗ ಪಡೆಯಬಲ್ಲರು ಎಂಬುದು ಅದರ ಸಾರ. 1931ರಲ್ಲಿ ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಯವರು ಇದನ್ನೂ ಹತ್ತಿರದ ಪಾಲ್ಕಿಗುಂಡಿನ ಅಶೋಕ ಶಾಸನವನ್ನೂ ಬೆಳಕಿಗೆ ತಂದರು, ಮರುವರ್ಷ ಆರ್. ಎಲ್. ಟರ್ನರ್ ಪ್ರಕಟಿಸಿದರು. ಗದ್ದುಗೆಗೆ ಕೈಮುಗಿದು ಬಂದವರಲ್ಲಿ ಬಂಡೆಯವರೆಗೆ ಹತ್ತುವವರು ಈಗಲೂ ಕಡಿಮೆ. ನನಗಿದು ತುಸು ಬೇಸರದ ಸಂಗತಿ, ಆದರೂ ಮಠಕ್ಕೆ ಜನ ಬರುತ್ತಿರುವುದರಿಂದಲೇ ಆ ಗುಡ್ಡ ಜಲ್ಲಿಯಾಗದೆ ಉಳಿದಿರಬಹುದು.

ಕುಮ್ಮಟಕ್ಕೆ ಅಂಥ ಕಾವಲಿಲ್ಲ. ಹೋಗುವವರು ಚಳಿಗಾಲದಲ್ಲಿ, ಬೆಳಿಗ್ಗೆ ಬೇಗ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕರಡಿಗಳಿರುವ ಸೀಮೆ, ಇಳಿಹೊತ್ತಾಗುವ ಮುನ್ನ ಇಳಿದುಬಿಡಿ. ಗೋಡೆ ಹತ್ತಬೇಡಿ, ಒಂದು ಕಲ್ಲನ್ನೂ ಅಲುಗಿಸಬೇಡಿ.