ಗುಜರಾತಿನ ವಿದ್ಯುಚ್ಛಕ್ತಿ: ಮೂಲ ಹಲವು, ಜಾಲ ಒಂದು

ಅಹಮದಾಬಾದಿನ ನವರಂಗಪುರದ ಮನೆಯೊಂದರಲ್ಲಿ ಸಂಜೆಯ ದೀಪ ಬೆಳಗಿದಾಗ, ಆ ಬೆಳಕು ಯಾವ ಮೂಲದಿಂದ ಬಂದಿತೆಂದು ಹೇಳಲು ಸಾಧ್ಯವಿಲ್ಲ. ಕಲ್ಲಿದ್ದಲು, ನೀರು, ಅನಿಲ, ಪರಮಾಣು, ಗಾಳಿ ಹಾಗೂ ಬಿಸಿಲಿನಿಂದ ಉತ್ಪತ್ತಿಯಾದ ವಿದ್ಯುತ್ತು ಒಂದೇ ಜಾಲವನ್ನು ಸೇರಿ ಗ್ರಾಹಕರನ್ನು ತಲುಪುತ್ತದೆ. ಒಂದು ರಾಜ್ಯಕ್ಕೆ ಇಷ್ಟೊಂದು ಮೂಲಗಳು ಏಕೆ ಬೇಕೆಂಬುದು ವಿಚಾರಾರ್ಹವಾಗಿದೆ.

ಪ್ರಕೃತಿಯ ಕೊಡುಗೆ ಮತ್ತು ಕೊರತೆ

ಕರ್ನಾಟಕದಲ್ಲಿ ಶರಾವತಿ ಮತ್ತು ಕಾಳಿ ನದಿಗಳು ಘಟ್ಟದಿಂದ ಇಳಿಯುವಾಗ ಧಾರಾಳವಾಗಿ ಜಲವಿದ್ಯುತ್ತನ್ನು ಒದಗಿಸಿವೆ. ಗುಜರಾತಿಗೆ ಅಂತಹ ಅನುಕೂಲವಿಲ್ಲ. ನೆಲದಲ್ಲಿ ದೊರೆಯುವುದು ಕಡಿಮೆ ಶಾಖ ನೀಡುವ ಲಿಗ್ನೈಟ್. 1934ರಲ್ಲಿ ಆರಂಭವಾದ ಅಹಮದಾಬಾದಿನ ಸಾಬರಮತಿ ಉಷ್ಣ ವಿದ್ಯುತ್ ಸ್ಥಾವರವಾಗಲಿ, ಅನಂತರ ಬಂದ ವಾನಕಬೋರಿ ಸ್ಥಾವರವಾಗಲಿ ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ಅವಲಂಬಿಸಬೇಕಾಯಿತು. ಕಛ್ ಜಿಲ್ಲೆಯ ಮುಂದ್ರಾದ ಬೃಹತ್ ಸ್ಥಾವರಗಳಿಗೆ ಹಡಗಿನಲ್ಲಿ ವಿದೇಶೀ ಕಲ್ಲಿದ್ದಲು ಬರುತ್ತದೆ.

ತಾಪಿ ನದಿಯ ಪಾಠ

ದಕ್ಷಿಣ ಗುಜರಾತಿನಲ್ಲಿ ತಾಪಿ ನದಿಯ ಆಸುಪಾಸಿನಲ್ಲಿಯೇ ನಾಲ್ಕು ಮೂಲಗಳನ್ನು ಕಾಣಬಹುದು. 1972ರಲ್ಲಿ ಪೂರ್ಣಗೊಂಡ ಉಕಾಯಿ ಅಣೆಕಟ್ಟಿನ ಜಲವಿದ್ಯುದಾಗಾರದ ಸಾಮರ್ಥ್ಯ 300 ಮೆಗಾವಾಟ್. ಅದರ ಸಮೀಪದಲ್ಲಿಯೇ ಕಲ್ಲಿದ್ದಲಿನ ಸ್ಥಾವರವಿದೆ. ಕಾಕ್ರಾಪಾರ್‌ನಲ್ಲಿ ತಲಾ 220 ಮೆಗಾವಾಟಿನ ಎರಡು ಪರಮಾಣು ಘಟಕಗಳು 1993 ಮತ್ತು 1995ರಲ್ಲಿಯೂ, ದೇಶೀಯವಾಗಿ ರೂಪಿಸಲಾದ ತಲಾ 700 ಮೆಗಾವಾಟಿನ ಎರಡು ಘಟಕಗಳು 2023 ಮತ್ತು 2024ರಲ್ಲಿಯೂ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಸೂರತ್ ಬಳಿಯ ಕವಾಸ್‌ನಲ್ಲಿ ನೈಸರ್ಗಿಕ ಅನಿಲದ ಸ್ಥಾವರವಿದೆ.

ಪ್ರತಿಯೊಂದಕ್ಕೂ ತನ್ನದೇ ಆದ ಮಿತಿಯುಂಟು. ಮಳೆ ಕೈಕೊಟ್ಟರೆ ಜಲಾಶಯ ಬರಿದಾಗುತ್ತದೆ. ಬೆಲೆ ಏರಿದರೆ ಅನಿಲ ದುಬಾರಿಯಾಗುತ್ತದೆ. ಕಲ್ಲಿದ್ದಲು ಹೊಗೆ ಮತ್ತು ಬೂದಿಯನ್ನು ಉಳಿಸುತ್ತದೆ. ಪರಮಾಣು ಸ್ಥಾವರ ನಿರಂತರವಾಗಿ ನಡೆದರೂ ಅದರ ನಿರ್ಮಾಣಕ್ಕೆ ದೀರ್ಘಕಾಲ ಬೇಕು. ನರ್ಮದೆಯ ಸರ್ದಾರ್ ಸರೋವರದ ಸಾಮರ್ಥ್ಯ 1,450 ಮೆಗಾವಾಟ್ ಆಗಿದ್ದರೂ, ಅದರ ವಿದ್ಯುತ್ತಿನಲ್ಲಿ ಗುಜರಾತಿನ ಪಾಲು ಶೇಕಡಾ 16 ಮಾತ್ರ.

ಗಾಳಿ ಮತ್ತು ಬಿಸಿಲು

ಗುಜರಾತಿಗೆ ಹೇರಳವಾಗಿ ದೊರೆತಿರುವುದು ಕಡಲತೀರದ ಗಾಳಿ ಮತ್ತು ಒಣನೆಲದ ಬಿಸಿಲು. ಪಾಟಣ ಜಿಲ್ಲೆಯ ಚಾರಣ್ಕಾ ಸೌರ ಉದ್ಯಾನವನ್ನು 2012ರಲ್ಲಿ ಲೋಕಾರ್ಪಣೆ ಮಾಡಲಾಯಿತು. ಅದೇ ವರ್ಷ ಮೆಹಸಾಣಾ ಜಿಲ್ಲೆಯ ಚಂದ್ರಾಸಣದಲ್ಲಿ ನರ್ಮದಾ ಕಾಲುವೆಯ ಮೇಲೆ ಸೌರ ಫಲಕಗಳನ್ನು ಹಾಸಲಾಯಿತು. ಇದರಿಂದ ಕೃಷಿಭೂಮಿ ಉಳಿಯುವುದಲ್ಲದೆ, ನೆರಳಿನಿಂದಾಗಿ ನೀರು ಆವಿಯಾಗುವುದೂ ತಗ್ಗುತ್ತದೆ. 2015ರಲ್ಲಿ ವಡೋದರಾದಲ್ಲಿಯೂ ಇಂತಹ 10 ಮೆಗಾವಾಟಿನ ಸ್ಥಾವರ ಆರಂಭವಾಯಿತು.

ಹೊತ್ತಿಗೆ ತಕ್ಕ ಹೊಂದಾಣಿಕೆ

ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿಕ್ಷಣವೂ ಸರಿದೂಗಬೇಕು. ರಾಜ್ಯದ ಮಟ್ಟಿಗೆ ಈ ಕಾರ್ಯವನ್ನು ವಡೋದರಾದ ಗೋತ್ರಿಯಲ್ಲಿರುವ ಲೋಡ್ ಡಿಸ್‌ಪ್ಯಾಚ್ ಕೇಂದ್ರ ನಿರ್ವಹಿಸುತ್ತದೆ. ಸೂರ್ಯಾಸ್ತವಾದಂತೆ ಸೌರ ವಿದ್ಯುತ್ತು ನಿಲ್ಲುತ್ತದೆ. ಮನೆಮನೆಯ ಬೇಡಿಕೆಯಾದರೋ ಅದೇ ಹೊತ್ತಿಗೆ ಏರುತ್ತದೆ. ಆಗ ಶೀಘ್ರವಾಗಿ ಹೆಚ್ಚಿಸಬಲ್ಲ ಜಲ ಮತ್ತು ಅನಿಲ ಸ್ಥಾವರಗಳು ನೆರವಾಗುತ್ತವೆ.

ಹೊತ್ತಿನ ಈ ಲೆಕ್ಕ ರೈತನ ಬದುಕಿಗೂ ಸಂಬಂಧಿಸಿದೆ. ರಾತ್ರಿ ಪಾಳಿಯಲ್ಲಿ ವಿದ್ಯುತ್ತು ಬಂದರೆ, ಚಳಿಯನ್ನೂ ಹಾವಿನ ಭಯವನ್ನೂ ಲೆಕ್ಕಿಸದೆ ಆತ ಹೊಲಕ್ಕೆ ನೀರು ಹಾಯಿಸಬೇಕು. ಹಗಲಿನಲ್ಲಿಯೇ ನೀರಾವರಿಗೆ ವಿದ್ಯುತ್ತು ಒದಗಿಸುವ ಉದ್ದೇಶದಿಂದ 2020ರಲ್ಲಿ ಗುಜರಾತಿನಲ್ಲಿ ಕಿಸಾನ್ ಸೂರ್ಯೋದಯ ಯೋಜನೆಯನ್ನು ಆರಂಭಿಸಲಾಯಿತು. ಹಗಲಿನ ಬಿಸಿಲು ಹಗಲಿನ ಪಂಪಿಗೆ ಒದಗಿದರೆ, ರೈತನ ರಾತ್ರಿ ನಿದ್ರೆಗೆ ಉಳಿಯುತ್ತದೆ.

ಗ್ರಾಹಕರ ಪಾತ್ರವೂ ಕಡಿಮೆಯದಲ್ಲ. ನೀರೆತ್ತುವ ಮೋಟಾರು, ಇಸ್ತ್ರಿಪೆಟ್ಟಿಗೆ ಮೊದಲಾದವುಗಳ ಬಳಕೆಯನ್ನು ಸಂಜೆಯಿಂದ ಹಗಲಿಗೆ ಬದಲಾಯಿಸಿಕೊಂಡರೆ ಜಾಲದ ಹೊರೆ ಇಳಿಯುತ್ತದೆ. ಶರಾವತಿಯ ನೀರನ್ನೂ ಪಾವಗಡದ ಬಿಸಿಲನ್ನೂ ಬಳಸುವ ಕರ್ನಾಟಕಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಮೂಲಗಳನ್ನು ಹೆಚ್ಚಿಸುವುದು ಸರ್ಕಾರದ ಹೊಣೆಯಾದರೆ, ಹೊತ್ತರಿತು ಬಳಸುವುದು ನಮ್ಮೆಲ್ಲರ ಹೊಣೆಯಾಗಿದೆ.